ಬೀಗರು ಮಲಗಿದ್ದಾರೆ

ಅಪ್ಪನ ಕಿವಿ ಮಷೀನಿನ ಅಚ್ಚನ್ನು ಬೆಚ್ಚಗಿನ ಸಾಬೂನು ನೀರಿನಿಂದ ಎತ್ತಿ ಅವಳು ಬಟ್ಟೆಯ ಮೇಲೆ ಇಟ್ಟಳು. ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿದ್ದರಿಂದ ಎಲ್ಲವನ್ನೂ ಎಡಗೈಯಲ್ಲೇ ಮಾಡಬೇಕಾಗಿತ್ತು. ಸಣ್ಣ ಬ್ರಷ್ಷಿನಿಂದ ತೂತಿನ ಅಂಚನ್ನು ಉಜ್ಜಿದಳು. ಅಲ್ಲಿ ಹಳೆಯ ಗುಗ್ಗೆ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಅದು ಬಿಟ್ಟ ಮೇಲೆ ರಬ್ಬರ್ ಬುರುಡೆಯ ಮೂತಿಯನ್ನು ನಳಿಗೆಗೆ ಹಚ್ಚಿ ಒತ್ತಿದಳು. ಒಂದು ಹನಿ ಹಾರಿ ಮೇಜಿನ ಮೇಲೆ ಬಿತ್ತು. ಮತ್ತೆ ಒತ್ತಿದಳು, ಇನ್ನೊಂದು ಹನಿ. ನಳಿಗೆಯಲ್ಲಿ ಚೂರು ನೀರು ಉಳಿದರೂ ಸದ್ದು ದಾಟುವುದಿಲ್ಲ. ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು.

 ಅಣ್ಣ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದ. ಅಪ್ಪ ಗಿರಾಕಿಗಳ ಕುರ್ಚಿಯಲ್ಲಿ ಕೂತು, ಚಪ್ಪಲಿ ಬಿಟ್ಟು, ಕಾಲ ಮೇಲೆ ಕಾಲು ಹಾಕಿ ಬಲಪಾದ ಆಡಿಸುತ್ತಿದ್ದರು. ಕಿವಿಗೆ ಏನೂ ಬೀಳದೆ ಇದ್ದಾಗ ಅವರ ಆ ಪಾದ ತಾನಾಗಿಯೇ ಆಡುತ್ತಿತ್ತು. ಎಲ್ಲಿಂದಾದರೂ ಒಂದು ಸದ್ದು ಒಳಗೆ ಹೋದರೆ ನಿಲ್ಲುತ್ತಿತ್ತು. ಇದು ಅಪ್ಪನಿಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು. ಈಗ ಅವಳಿಗೊಬ್ಬಳಿಗೇ ಗೊತ್ತು.

"ಒಂದೇ ಸಲ," ಅಂದರು ಅಪ್ಪ, ಬೀದಿಯಲ್ಲಿ ನಿಂತು ಮಾತಾಡುವವರಷ್ಟು ಜೋರಾಗಿ. "ಇವತ್ತು ಆದ್ರೆ ಆಯ್ತು. ಆಗ್ಲಿಲ್ಲ ಅಂದ್ರೆ ನಾನು ಇದನ್ನ ಇನ್ನು ಮುಟ್ಟಲ್ಲ. ಆಮೇಲೆ ಅಣ್ಣ ತಂಗಿ ಸೇರ್ಕೊಂಡು ನನ್ನ ತಲೆ ತಿನ್ನಬಾರದು."

ಅಣ್ಣ ತಿರುಗಿ, ಆಗಲಿ ಅನ್ನುವಂತೆ ತಲೆಯಾಡಿಸಿದ.

ಅಪ್ಪ ವಯಸ್ಸೆಲ್ಲ ಬಟ್ಟೆ ನೇಯುವ ಕಾರ್ಖಾನೆಯಲ್ಲಿ ಕಳೆದವರು. ಅಲ್ಲಿ ಮಗ್ಗಗಳ ಸದ್ದಿಗೆ ಯಾರೂ ಬಾಯಲ್ಲಿ ಮಾತಾಡುತ್ತಿರಲಿಲ್ಲವಂತೆ, ತುಟಿ ನೋಡಿಯೇ ಎಲ್ಲ ಅರ್ಥ ಮಾಡಿಕೊಳ್ಳುತ್ತಿದ್ದರಂತೆ. ಅಂಥ ಕಿವಿಗೆ ಮೊದಲು ತಪ್ಪಿಹೋಗುವುದು ತೆಳು ಸದ್ದುಗಳು. ಚಮಚ ಬಿದ್ದದ್ದು, ಹಾಲು ಉಕ್ಕಿದ್ದು, ಗುಬ್ಬಿ. ಆಮೇಲೆ ಮಕ್ಕಳ ಮಾತು. ಗಂಡನ ಕಿವಿಗೋಸ್ಕರ ಆಸ್ಪತ್ರೆ ಅಲೆದು ಅಲೆದು ಅಮ್ಮ ಆ ಕೆಲಸವನ್ನೇ ಕಲಿತಳು. ಕಲಿತು ಈ ಅಂಗಡಿ ಇಟ್ಟಳು. ಮುಂದಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ, ಬ್ಯಾಟರಿ, ಕಿವಿ ಮಷೀನುಗಳು. ನಡುವೆ ಒಂದು ದಪ್ಪ ಪರದೆ. ಒಳಗೆ ಗೋಡೆಗೆಲ್ಲ ಕಂಬಳಿಯಂಥ ಬಟ್ಟೆ ಹೊಡೆದ ಈ ಕೋಣೆ.

ಅಮ್ಮನ ದನಿ ಗಡಸು, ತುಂಬಿದ ದನಿ. ಅಪ್ಪನ ಮಷೀನು ಆ ದನಿಗೆ ಹೊಂದಿಕೊಂಡಿತ್ತು. ಅಣ್ಣನದೂ ಅದೇ ಗಂಟಲು. ಅವಳದು ಮಾತ್ರ ಯಾರದೋ ತೆಳು ದನಿ. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳಿದರೆ ಮೇಷ್ಟ್ರು "ಜೋರಾಗಿ" ಅನ್ನುತ್ತಿದ್ದರು. ಮತ್ತೆ ಹೇಳಿದರೆ ಮತ್ತೆ "ಜೋರಾಗಿ". ಹಿಂದಿನ ಸಾಲಿನವರು ಅದನ್ನೇ ಹಾಡು ಮಾಡಿಕೊಂಡರು. ಒಂದು ದಿನ ಅವಳು ಚೀಲ ತಂದು ಮೂಲೆಗೆ ಇಟ್ಟು, ಅಂಗಡಿಗೆ ಬಂದು ಅಚ್ಚು ತೊಳೆಯಲು ಕೂತಳು. ಮರುದಿನವೂ ಬಂದಳು. ಅಮ್ಮ ಮೊದಮೊದಲು ಬೈದಳು, ಆಮೇಲೆ ಬ್ರಷ್ ಹಿಡಿಯುವುದು ಹೇಗೆಂದು ತೋರಿಸಿದಳು.

ಅಂಗಡಿಯ ಹಳೆಯ ಕಂಪ್ಯೂಟರು ಕೆಟ್ಟಾಗ ಅಣ್ಣ ಈಗಿನದನ್ನು ಜೋಡಿಸಿ ಅದರಲ್ಲಿ ವಿಂಡೋಸಿನ ಬದಲು ಲಿನಕ್ಸ್ ಹಾಕಿದ. ಅವನು ಕಂಪ್ಯೂಟರ್ ರಿಪೇರಿಯವನು, ಲಿನಕ್ಸ್ ಬಿಟ್ಟು ಬೇರೆಯದನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಆದರೆ ಅಪ್ಪನ ಮಷೀನಿನಂಥ ಹಳೆಯ ಮಷೀನುಗಳನ್ನು ಹೊಂದಿಸುವ ಪ್ರೋಗ್ರಾಮು ಓಡುವುದು ಹಳೆಯ ವಿಂಡೋಸಿನಲ್ಲಿ ಮಾತ್ರ. ಅದಕ್ಕೆ ಅಣ್ಣ ಲಿನಕ್ಸಿನ ಒಳಗೇ ಒಂದು ವರ್ಚುವಲ್ ಮಷೀನ್ ಮಾಡಿ, ಹಳೆಯ ವಿಂಡೋಸನ್ನು ಅದರಲ್ಲಿ ಕೂರಿಸಿದ.

"ಅಂದ್ರೆ ಒಂದರೊಳಗೆ ಇನ್ನೊಂದಾ?" ಅಂತ ಅಮ್ಮ ಕೇಳಿದ್ದಳು.

"ಹೂಂ. ಇದಕ್ಕೆ ಇಷ್ಟು ಮೆಮೊರಿ, ಇಷ್ಟು ಡಿಸ್ಕು ಅಂತ ಬಿಟ್ಟುಕೊಟ್ಟಿದ್ದೀನಿ. ಪೂರ್ತಿ ಕಂಪ್ಯೂಟರು ತನ್ನದೇ ಅಂತ ಅದು ತಿಳ್ಕೊಂಡಿರುತ್ತೆ. ಇದನ್ನ ಗೆಸ್ಟ್ ಅಂತಾರೆ, ಅತಿಥಿ."

"ಅತಿಥಿ ಅಲ್ಲ ಕಣೋ, ಬೀಗರು," ಅಂದಿದ್ದಳು ಅಮ್ಮ. "ಒಂದು ಕೋಣೆ ಕೊಟ್ರೆ ಮನೆಯೆಲ್ಲ ತಮ್ಮದು ಅಂದ್ಕೊಳ್ಳೋರು ಬೀಗರಲ್ವಾ? ನಿನ್ನ ಮದುವೆಗೆ ಮುಂಚೇನೇ ಬೀಗರನ್ನ ತಂದು ಕೂರಿಸಿದೆಯಲ್ಲೋ."

ಅಂದಿನಿಂದ ಅದಕ್ಕೆ ಅದೇ ಹೆಸರು. ಬೆಳಿಗ್ಗೆ "ಬೀಗರನ್ನ ಎಬ್ಬಿಸು", ಊಟಕ್ಕೆ ಹೊರಡುವಾಗ "ಬೀಗರನ್ನ ಮಲಗಿಸು". ಮಲಗಿಸುವುದೆಂದರೆ ಆರಿಸುವುದಲ್ಲ. ಕಂಪ್ಯೂಟರಿನಲ್ಲಿ ಅದರ ಕಿಟಕಿ ಮುಚ್ಚುವಾಗ ಲಿನಕ್ಸ್ ಕೇಳುತ್ತಿತ್ತು, ಇದ್ದ ಸ್ಥಿತಿಯನ್ನು ಹಾಗೇ ಇಟ್ಟುಕೊಳ್ಳಲೇ ಎಂದು. ಹೌದು ಅಂದರೆ ಒಳಗೆ ತೆರೆದಿದ್ದೆಲ್ಲ ತೆರೆದ ಹಾಗೇ, ಅರ್ಧ ಆದದ್ದು ಅರ್ಧದಲ್ಲೇ ನಿಂತುಬಿಡುತ್ತಿತ್ತು. ಎಬ್ಬಿಸಿದಾಗ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಅಮ್ಮನಿಗೆ ಇದು ಬಹಳ ಹಿಡಿಸಿತ್ತು. ಒಲೆಯ ಮೇಲಿಟ್ಟ ಪಾತ್ರೆಗೂ ಇಂಥದ್ದೊಂದು ಇದ್ದಿದ್ದರೆ ಚೆನ್ನಾಗಿತ್ತು ಅನ್ನುತ್ತಿದ್ದಳು.

ಕೊನೆಯ ಸಲ ಬೀಗರನ್ನು ಮಲಗಿಸಿದವಳೂ ಅಮ್ಮನೇ. ಆ ಮಧ್ಯಾಹ್ನ ಅಪ್ಪ ಇದೇ ಕುರ್ಚಿಯಲ್ಲಿ ಕೂತಿದ್ದರು. "ಮಗಳ ಮಾತು ಕೇಳಿಸದೆ ಇರೋ ಮಷೀನು ಇದ್ದರೆಷ್ಟು ಬಿಟ್ಟರೆಷ್ಟು," ಅಂತ ಅಮ್ಮ ಅವಳನ್ನು ಪರದೆಯ ಆಚೆ ನಿಲ್ಲಿಸಿ, ಒಂದೇ ಮಾತನ್ನು ಹೇಳಿಸಿದ್ದಳು: ಅಪ್ಪ, ಸ್ವಲ್ಪ ನೀರು ಕೊಡಿ. ಯಾವ ಗಿರಾಕಿ ಬಂದರೂ ಅಮ್ಮನ ಪರೀಕ್ಷೆ ಹಾಗೇ. "ಕೇಳಿಸ್ತಾ ಅಂತ ಯಾವತ್ತೂ ಕೇಳಬೇಡ ಕಣೇ. ಕೇಳಿಸದವರು ಎಲ್ಲದಕ್ಕೂ ಹೂಂ ಅಂತಾರೆ. ಒಂದು ಕೆಲಸ ಹೇಳು. ಮಾಡಿದ್ರೆ ಕೇಳಿಸಿದೆ ಅಂತ ಲೆಕ್ಕ." ಹೀಗೆ ಅವಳು ಹೇಳುತ್ತ ಹೋದಳು, ಅಮ್ಮ ಕಂಪ್ಯೂಟರಿನ ಪರದೆಯ ಮೇಲಿನ ಕಂಬಗಳನ್ನು ಒಂದೊಂದಾಗಿ ಎತ್ತುತ್ತ ಇಳಿಸುತ್ತ ಹೋದಳು. ಎಡಗಡೆಯ ಕಂಬಗಳು ದಪ್ಪ ಸದ್ದಿಗೆ, ಬಲಗಡೆಯವು ತೆಳು ಸದ್ದಿಗೆ. ಇನ್ನೇನು ಹತ್ತಿರ ಬಂತು ಅನ್ನುವಾಗ ಅಂಗಡಿಯ ಹಳೆಯ ಗಿರಾಕಿ ಬ್ಯಾಂಡ್ ಮಾಸ್ತರರು ಕಿವಿಯಲ್ಲಿ ಕುಂಯ್ ಅನ್ನುವ ಮಷೀನು ಹಿಡಿದುಕೊಂಡು ಬಂದರು. "ನಾಳೆ ಮುಗಿಸೋಣ, ಕೊನೆಗೆ ಒಟ್ಟಿಗೆ ಸೇವ್ ಮಾಡಿ ಮಷೀನಿಗೆ ಬರೆದರಾಯ್ತು," ಅಂತ ಅಮ್ಮ ಬೀಗರನ್ನು ಮಲಗಿಸಿದಳು. ಅದೇ ಸಂಜೆ ಅವಳಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು.

ಅಪ್ಪ ಮಷೀನು ತೆಗೆದು ಮೇಜಿನ ಡ್ರಾಯರಿಗೆ ಹಾಕಿದರು. ಕೇಳಬೇಕಾದ್ದು ಏನೂ ಇಲ್ಲ ಅಂದರು. ಹೊಸ ಮಷೀನುಗಳಿಗೆಲ್ಲ ವಾರಕ್ಕೊಮ್ಮೆ ಒಬ್ಬರು ಮೇಡಂ ತಮ್ಮದೇ ಲ್ಯಾಪ್‌ಟಾಪ್ ತಂದು ಹೊಂದಿಸಿ ಹೋಗುತ್ತಿದ್ದರು, ಬೀಗರನ್ನು ಎಬ್ಬಿಸುವ ಕೆಲಸ ಯಾರಿಗೂ ಬೀಳಲಿಲ್ಲ. ಮೇಡಂ ಅಪ್ಪನಿಗೂ ಹೊಸದು ತಗೊಳ್ಳಿ ಅಂದರು. "ಕಿವಿ ಹಳೇದೇ ಇರುವಾಗ ಮಷೀನು ಯಾಕೆ ಹೊಸದು?" ಅಂದರು ಅಪ್ಪ. ಮನೆಯಲ್ಲಿ ಅವರಿಬ್ಬರೇ. ಅಣ್ಣ ಕೆಲಸದ ಹತ್ತಿರವೇ ಕೋಣೆ ಮಾಡಿಕೊಂಡು ರಜೆಯ ದಿನ ಬರುತ್ತಿದ್ದ. ಊಟಕ್ಕೆ ಕೈಸನ್ನೆ, ಸ್ನಾನಕ್ಕೆ ಕೈಸನ್ನೆ. ಅವಳಿಗೂ ಅದು ಒಗ್ಗಿಹೋಗಿತ್ತು.

ಹೋದ ತಿಂಗಳು ಅವಳು ಬಚ್ಚಲಲ್ಲಿ ಜಾರಿ ಬಿದ್ದಳು. ಕೈ ಮೈಯಡಿಗೆ ಸಿಕ್ಕಿ ಏಳಲು ಆಗಲಿಲ್ಲ. ಗೋಡೆಯ ಆಚೆ ಅಪ್ಪ ಪೇಪರ್ ಓದುತ್ತಿದ್ದರು. ಹಾಳೆ ತಿರುವುವುದು ಅವಳಿಗೆ ಕೇಳಿಸುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಕೈತೊಳೆಯಲು ಬಂದ ಅಪ್ಪ ನೋಡಿ, ಎತ್ತಿ ಕೂರಿಸಿ, "ಕೂಗೋಕೆ ಏನಾಗಿತ್ತು ನಿನಗೆ?" ಅಂತ ಗದರಿದರು. ಅವಳು ನೋವಿಗೆ ಹಲ್ಲು ಕಚ್ಚಿಕೊಂಡೇ ತುಟಿಯಾಡಿಸಿದಳು. ಅವರಿಗೆ ತಿಳಿಯಲಿಲ್ಲ. ನೆಟ್ಟಗಿದ್ದ ಕೈಯನ್ನು ಬಾಯ ಪಕ್ಕ ಹಿಡಿದು, ಕೂಗಿದೆ ಅಂತ ತೋರಿಸಿದಳು. ಮತ್ತೆ ಮತ್ತೆ ತೋರಿಸಿದಳು. ಅಪ್ಪ ಗೋಡೆ ನೋಡುತ್ತ ನಿಂತರು. ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ, ಅವಳ ಲೋಟದ ಪಕ್ಕ, ಆ ಮಷೀನು ಇತ್ತು.

ಬ್ಯಾಟರಿ ಒಳಗೇ ಸೋರಿ ಹಸಿರುಗಟ್ಟಿತ್ತು. ರಿಪೇರಿಯವರು ಒಳಗಿನದ್ದೆಲ್ಲ ಬದಲಿಸಿ ಕಳಿಸಿದರು. ಮೇಲೆ ಅದೇ ಮಷೀನು, ಒಳಗೆ ಏನೇನೂ ಇಲ್ಲ. ಅಮ್ಮ ಕೂರಿಸಿದ್ದ ಆ ಕಂಬಗಳು ಇದ್ದದ್ದು ಮಲಗಿದ್ದ ಬೀಗರ ಹತ್ತಿರ ಮಾತ್ರ.

ಅವಳು ಅಚ್ಚನ್ನು ಒರೆಸಿ, ಮಷೀನಿಗೆ ಸಿಕ್ಕಿಸಿ, ಅಪ್ಪನ ಕಿವಿಗೆ ತಿರುಪಿ ಕೂರಿಸಿದಳು. ಮಷೀನಿನಿಂದ ಸಣ್ಣ ವೈರು ಹೊರಟು ಒಂದು ಕಪ್ಪು ಪೆಟ್ಟಿಗೆಗೆ ಸೇರುತ್ತಿತ್ತು. ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಇನ್ನೊಂದು ವೈರು. ಆಮೇಲೆ ಅಣ್ಣನ ಪಕ್ಕ ಹೋಗಿ ನಿಂತಳು.

"ಒಂದು ವಿಷಯ ಹೇಳ್ತೀನಿ ಪುಟ್ಟಿ," ಅಂದ ಅಣ್ಣ. "ಇವರು ಮಲಗಿದ ಮೇಲೆ ನಾನು ಲಿನಕ್ಸ್‌ನ ಎರಡು ಮೂರು ಸಲ ಅಪ್‌ಡೇಟ್ ಮಾಡಿದ್ದೀನಿ. ಮನೆ ರಿಪೇರಿ ಆಗಿದೆ, ಬೀಗರಿಗೆ ಗೊತ್ತಿಲ್ಲ. ಎದ್ದು ಗಾಬರಿಯಾದ್ರೆ ಕಷ್ಟ."

"ಏಳದೆ ಹೋದ್ರೆ?"

"ಹೋದ್ರೆ ಹೋಯ್ತು. ಸುರುವಿಂದ ಸ್ಟಾರ್ಟ್ ಮಾಡಬೇಕು. ತೆರೆದಿಟ್ಟದ್ದು ಯಾವುದೂ ಇರಲ್ಲ. ಒಂದು ಕಾಪಿ ತೆಗೆದಿಟ್ಟುಕೊಂಡೇ ಎಬ್ಬಿಸೋಣ ಅಂತಿದ್ದೆ, ಇದರಲ್ಲಿ ಜಾಗ ಇಲ್ಲ. ನನ್ನ ಡಿಸ್ಕು ಕೋಣೆಯಲ್ಲಿದೆ. ಹೋಗಿ ತರ್ಲಾ?"

ಅವಳು ಅಪ್ಪನ ಕಡೆ ನೋಡಿದಳು. ಅವರು ಆಗಲೇ ಕುರ್ಚಿಯ ಕೈ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಿದ್ದರು. ಅಣ್ಣ ಬಸ್ಸು ಹತ್ತಿ ಹೋಗಿ ಬರುವವರೆಗೆ ಅವರು ಇಲ್ಲಿ ಕೂತಿರುವುದಿಲ್ಲ. ಬೇಡ ಅಂತ ಅವಳು ತಲೆಯಾಡಿಸಿದಳು.

"ಸರಿ ಹಾಗಾದ್ರೆ. ಎದ್ದ ತಕ್ಷಣ ಬೇರೆ ಏನನ್ನೂ ಮುಟ್ಟಬಾರದು. ಮೊದಲು ಸೇವ್."

ಅಣ್ಣ ಗುಂಡಿ ಒತ್ತಿದ. ಕಪ್ಪು ಕಿಟಕಿಯೊಂದು ತೆರೆಯಿತು. ಅದರ ನಡುವೆ ಒಂದು ಪಟ್ಟಿ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬುತ್ತ ಹೋಯಿತು. ಅರ್ಧಕ್ಕೆ ಬಂದು ನಿಂತಿತು. ಅಣ್ಣ ಬೆರಳ ಗೆಣ್ಣು ಕಚ್ಚಿಕೊಂಡ. ಮತ್ತೆ ತೆವಳಿತು. ಆಮೇಲೆ ಒಮ್ಮೆಲೇ ಎಲ್ಲವೂ ಬಂತು. ಹಳೆಯ ವಿಂಡೋಸಿನ ನೀಲಿ ಅಂಚು, ಪ್ರೋಗ್ರಾಮು, ಅಪ್ಪನ ಹೆಸರು. ಹೆಸರಿನ ಕೆಳಗೆ ಕಂಬಗಳು. ಎಡಗಡೆ ಗಿಡ್ಡ, ಬಲಕ್ಕೆ ಹೋಗುತ್ತ ಹೋಗುತ್ತ ಎತ್ತರ, ಕೊನೆಯದು ಮಾತ್ರ ಒಂಚೂರು ತಗ್ಗು. ಬಾಣದ ಗುರುತು ಕೊನೆಯ ಕಂಬದ ತಲೆಯ ಮೇಲೇ ನಿಂತಿತ್ತು, ಅಮ್ಮ ಅದನ್ನು ಬಿಟ್ಟಲ್ಲಿ. ಮೂಲೆಯ ಗಡಿಯಾರದಲ್ಲಿ ಆ ದಿನದ ಮಧ್ಯಾಹ್ನ. ಅವಳು ನೋಡುತ್ತಿದ್ದ ಹಾಗೆಯೇ ಅದು ಒಂದೇ ನೆಗೆತಕ್ಕೆ ಇವತ್ತಿಗೆ ಬಂತು.

"ಬೀಗರಿಗೆ ಎಚ್ಚರ ಆಯ್ತು," ಅಂದ ಅಣ್ಣ, ಮೆಲ್ಲಗೆ.

ಕಂಬಗಳ ಮುಂದೆ ಒಂದು ಚೌಕ ಅಡ್ಡ ನಿಂತಿತ್ತು. ಕಿವಿ ಮಷೀನಿನ ಸಂಪರ್ಕ ತಪ್ಪಿದೆ, ಮತ್ತೆ ಹುಡುಕಲೇ? ಅದಕ್ಕೆ ಉತ್ತರ ಕೊಡದೆ ಸೇವ್ ಮಾಡಲು ಬಿಡುತ್ತಿರಲಿಲ್ಲ. ಅಣ್ಣ ಅತ್ತ ಇತ್ತ ಒತ್ತಿ ನೋಡಿದ. ಕಪ್ಪು ಪೆಟ್ಟಿಗೆ ಲಿನಕ್ಸಿಗೂ ಕಾಣಿಸುತ್ತಿರಲಿಲ್ಲ. "ಹಿಂದಿನ ಸಾಕೆಟ್ಟು ಸಡಿಲ ಇರಬೇಕು. ನೀನು ಇಲ್ಲಿ ಕೂತ್ಕೋ. ನಾನು ಚುಚ್ಚಿದೆ ಅಂದಾಗ ಹುಡುಕು ಅನ್ನೋದನ್ನ ಒತ್ತು, ಅಷ್ಟೇ," ಅಂತ ಮೇಜಿನ ಅಡಿಗೆ ನುಗ್ಗಿದ.

ಅವಳು ಎಡಗೈಯಲ್ಲಿ ಮೌಸ್ ಹಿಡಿದು ಕೂತಳು.

"ಚುಚ್ಚಿದೆ!"

ಒತ್ತಿದಳು. ಅಪ್ಪನ ಕಿವಿಯಲ್ಲಿ ಮಷೀನು ಟಿಣ್ ಟಿಣ್ ಅಂದಿರಬೇಕು, ಅವರ ಪಾದ ನಿಂತಿತು. ಸಿಕ್ಕಿತು ಅಂತ ಪ್ರೋಗ್ರಾಮು ಹೇಳಿತು. ಹೇಳಿ, ಇನ್ನೊಂದು ಚೌಕ ತೆರೆಯಿತು. ಅದರಲ್ಲಿ ಎರಡು ಗುಂಡಿಗಳು. ಕಿವಿ ಮಷೀನಿನಲ್ಲಿ ಇರುವುದನ್ನು ಓದಬೇಕೋ, ಇಲ್ಲಿ ಇರುವುದನ್ನು ಅದಕ್ಕೆ ಬರೆಯಬೇಕೋ?

ಈ ಚೌಕ ಅವಳಿಗೆ ಹೊಸದಲ್ಲ. ಅಮ್ಮನ ಪಕ್ಕ ಕೂತು ಎಷ್ಟೋ ಗಿರಾಕಿಗಳಿಗೆ ಒತ್ತಿದ್ದಳು. ಅಮ್ಮ ಹೇಳಿಕೊಟ್ಟ ಮೊದಲ ಪಾಠವೇ ಅದು. ಮೊದಲು ಓದು, ಆಮೇಲೆ ಬರೆ. ಇನ್ನೊಬ್ಬರ ಕಿವಿಯಲ್ಲಿ ಏನಿದೆ ಅಂತ ನೋಡದೆ ಅದರ ಮೇಲೆ ಏನನ್ನೂ ಬರೆಯಬಾರದು. ಅವರು ವರ್ಷಗಟ್ಟಲೆ ಒಗ್ಗಿಸಿಕೊಂಡದ್ದು ಒಂದು ಗಳಿಗೆಯಲ್ಲಿ ಹೋಗಿಬಿಡುತ್ತೆ. ಅವಳ ಕೈ ಯೋಚಿಸಲೇ ಇಲ್ಲ. ಓದು ಅನ್ನುವುದನ್ನು ಒತ್ತಿತು.

ಓದಿದ್ದು ಖಾಲಿ ಮಷೀನನ್ನು. ಕಂಬಗಳೆಲ್ಲ ಒಟ್ಟಿಗೆ ಇಳಿದು ಒಂದೇ ಮಟ್ಟಕ್ಕೆ ಬಂದವು.

ಅಣ್ಣ ತಲೆಯ ಮೇಲೆ ಜೇಡರ ಬಲೆ ಹತ್ತಿಸಿಕೊಂಡು ಎದ್ದ. "ಸಿಕ್ತಾ? ಸೇವ್ ಮಾ..." ಅಂದವನು ಕಂಪ್ಯೂಟರಿನ ಪರದೆ ನೋಡಿದ. ಅವಳ ಹೆಗಲ ಮೇಲಿಂದ ಬಗ್ಗಿ, ಹಿಂದಕ್ಕೆ ಹೋಗುವ ಗುಂಡಿ ಹುಡುಕಿದ. ಆ ಪ್ರೋಗ್ರಾಮಿನಲ್ಲಿ ಅಂಥದ್ದು ಇರಲಿಲ್ಲ. ವರ್ಚುವಲ್ ಮಷೀನಿನ ಪಟ್ಟಿ ತೆರೆದು ನೋಡಿದ. ಅಲ್ಲೂ ಹಳೆಯ ಸ್ಥಿತಿ ಉಳಿದಿರಲಿಲ್ಲ.

"ಮತ್ತೆ ಮಲಗಿಸಿ ಎಬ್ಬಿಸಿದ್ರೆ?" ಅಂದಳು ಅವಳು.

"ಎದ್ದಾಯ್ತಲ್ಲ ಪುಟ್ಟಿ. ಈಗ ಮಲಗಿಸಿದ್ರೆ ಇದೇ ಮಲಗುತ್ತೆ."

ಅವಳು ಮೌಸಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅಣ್ಣ ಬೈಯುತ್ತಾನೆಂದು ಕಾದಳು. ಅವನು ಸ್ಟೂಲು ಎಳೆದುಕೊಂಡು ಕೂತು ತಲೆಯ ಬಲೆ ಒರೆಸಿಕೊಂಡ.

"ಅಮ್ಮ ಕೂತಿದ್ದರೂ ಅದನ್ನೇ ಒತ್ತೋಳು," ಅಂದ.

"ಏನಾಯ್ತು?" ಅಪ್ಪ ಕೇಳಿದರು. "ಬೀಗರು ಎದ್ರೋ ಇಲ್ವೋ?"

ಇಬ್ಬರೂ ತಿರುಗಲಿಲ್ಲ. ಅಪ್ಪ ವೈರಿನ ಉದ್ದಕ್ಕೆ ಬಗ್ಗಿ ಪರದೆ ನೋಡಿದರು. ಹೆಂಡತಿಯ ಎದುರು ಎಷ್ಟೋ ವರ್ಷ ಕೂತವರು, ಕಂಬಗಳನ್ನು ಓದಲು ಅವರಿಗೂ ಬರುತ್ತಿತ್ತು. "ಎಲ್ಲ ಬೋಳಾಗಿದೆಯಲ್ಲ. ಅವಳು ಮಾಡಿದ್ದು ಇದರಲ್ಲಿ ಇದೆ ಅಂದಿದ್ರಿ?" ಅಣ್ಣ ಕೈ ಬಿಡಿಸಿ ತೋರಿಸಿದ. "ಹೋಯ್ತಾ?" ಅಣ್ಣ ಹೌದೆಂದು ತಲೆಯಾಡಿಸಿದ. ಯಾರಿಂದ ಅಂತ ಅಪ್ಪ ಕೇಳಲಿಲ್ಲ. ನೆಟ್ಟಗೆ ಕೂತು, ಕಿವಿಯ ಹಿಂದೆ ಕೈ ಹಾಕಿ ಮಷೀನು ಬಿಚ್ಚಲು ಹೋದರು.

ಅವಳು ಎದ್ದು ಅವರ ಕೈ ಹಿಡಿದಳು. ಆತುರದಲ್ಲಿ ಹಿಡಿದದ್ದು ಬಲಗೈಯಲ್ಲಿ. ನೋವು ಮೊಣಕೈವರೆಗೂ ಹರಿಯಿತು, ಆದರೂ ಬಿಡಲಿಲ್ಲ. ಅಪ್ಪ ತಮ್ಮ ಕೈ ಮೇಲಿದ್ದ ಬಿಳಿ ಪಟ್ಟಿಯನ್ನು ನೋಡಿದರು.

"ಬಿಡು, ನೋಯುತ್ತೆ," ಅಂದರು. "ಬಿಡೇ. ನಾನೆಲ್ಲೂ ಹೋಗಲ್ಲ."

ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯನ್ನು ಯಾರೋ ತಾಳ ಹಾಕಿ ಬಡಿದರು. ಹಾಗೆ ಬಡಿಯುವವರು ಒಬ್ಬರೇ. ಅವಳು ಪರದೆ ಸರಿಸಿಕೊಂಡು ಹೊರಗೆ ಹೋದಳು. ಬ್ಯಾಂಡ್ ಮಾಸ್ತರರು ಬೆಂಚಿನ ಮೇಲೆ ಕೂತು ಟೋಪಿಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು.

"ಏನಮ್ಮಾ, ಬ್ಯಾಟರಿ ಕೊಡು ಅಂತ ಕೂಗಿ ಕೂಗಿ ಸಾಕಾಯ್ತು. ಕಿವಿ ಮಷೀನು ಮಾರೋ ಅಂಗಡೀಲೇ ಯಾರಿಗೂ ಕೇಳಿಸಲ್ಲ ಅಂದ್ರೆ ಹೇಗೆ?"

ಅವಳು ಬ್ಯಾಟರಿ ತೆಗೆದುಕೊಟ್ಟಳು. ಅವರು ಪರದೆಯ ಕಡೆ ಕತ್ತು ಚಾಚಿದರು. "ಯಾರು, ಅಪ್ಪಾನಾ ಒಳಗೆ? ಮಷೀನು ಹಾಕ್ಕೊಂಡ್ರಾ? ನಿಮ್ಮಮ್ಮ ಹೋದ ಮೇಲೆ ನಮ್ಮ ಬ್ಯಾಂಡಿಗೆ ದೊಡ್ಡ ಡ್ರಮ್ಮೇ ಇಲ್ಲದ ಹಾಗಾಗಿದೆ ಕಣಮ್ಮ. ಇರ್ಲಿ, ಬಿಸಿಲು ಇಳೀಲಿ, ಹೋಗ್ತೀನಿ." ಅವರು ಗೋಡೆಗೆ ಒರಗಿ ಕಾಲು ಚಾಚಿದರು.

ಒಳಗೆ ಅಣ್ಣ, ಅಮ್ಮ ಹಿಂದೆ ಉಳಿಸಿಟ್ಟಿದ್ದ ಹಳೆಯ ಲೆಕ್ಕವನ್ನು ತೆರೆದಿದ್ದ. ತೆಳು ದನಿಯ ಗೊಡವೆಗೆ ಹೋಗದ, ಅಮ್ಮನ ದನಿಯ ಕಾಲದ ಕಂಬಗಳು. ಈ ಸಲ ಬರೆ ಅನ್ನುವುದನ್ನು ಒತ್ತುವ ಮೊದಲು ಗುಂಡಿಯನ್ನು ಬೆರಳಿಟ್ಟು ಓದಿಕೊಂಡ. ಬರೆದಾದ ಮೇಲೆ ಅಪ್ಪನ ಬೆನ್ನ ಹಿಂದೆ ಹೋಗಿ, "ಫ್ಯಾನ್ ಆರಿಸ್ತೀರಾ?" ಅಂದ. ಅಪ್ಪ ಕೂತಲ್ಲಿಂದಲೇ ಕೈ ಚಾಚಿ ಫ್ಯಾನ್ ಆರಿಸಿದರು.

"ನೀನು ಯಾವಾಗ್ಲೂ ಕೇಳಿಸ್ತೀಯಪ್ಪ," ಅಂದರು. ದನಿ ಅರ್ಧಕ್ಕೆ ಇಳಿದಿತ್ತು. "ನಿಮ್ಮಮ್ಮನ ಗಂಟಲು." ಆಮೇಲೆ ಬಾಗಿಲ ಕಡೆ ಕಿವಿ ಕೊಟ್ಟು, "ಅಬ್ಬಾ, ಬೀದಿಯಲ್ಲಿ ಎಷ್ಟು ಗಾಡಿಗಳು," ಅಂದರು.

ಅವಳು ಅಣ್ಣನ ಹತ್ತಿರ ಬಂದು ಕಂಪ್ಯೂಟರಿನ ಪರದೆಯ ಮೇಲೆ ಬೆರಳಾಡಿಸಿ ಅಮ್ಮನ ಕಂಬಗಳು ಇದ್ದ ಬಗೆ ತೋರಿಸಿದಳು. ಇಲ್ಲಿಂದ ಮೆಟ್ಟಿಲು ಹತ್ತಿದ ಹಾಗಿತ್ತು. ಎಷ್ಟು ಎತ್ತರ ಅನ್ನುವುದು ನೆನಪಿಲ್ಲ. ಕೊನೆಯದು ತಗ್ಗು. ಅಣ್ಣ ಎತ್ತಿದ. ಅಪ್ಪನ ಕಿವಿಯಲ್ಲಿ ಮಷೀನು ಕುಂಯ್ಯೆಂದು ಸೀಟಿ ಹಾಕಿತು, ಅವರು ಮುಖ ಹಿಂಡಿದರು. ಇಳಿಸಿದ. ಅವಳು ಅಚ್ಚನ್ನು ಇನ್ನೊಂದಿಷ್ಟು ತಿರುಪಿ ಒಳಕ್ಕೆ ಕೂರಿಸಿದಳು. ಮತ್ತೆ ಎತ್ತಿದ. ಈ ಸಲ ಸೀಟಿ ಇಲ್ಲ.

"ನೀನು ಮಾತಾಡದೆ ಇದು ಮುಂದೆ ಹೋಗಲ್ಲ," ಅಂದ ಅಣ್ಣ. "ಆಚೆ ಹೋಗಿ ನಿಲ್ಲು."

ಹೂಜಿ ಮತ್ತು ಲೋಟ ಅಪ್ಪನ ಪಕ್ಕದ ಗೂಡಿನಲ್ಲಿದ್ದವು. ಅವಳು ಹೂಜಿಯಲ್ಲಿ ನೀರಿದೆಯಾ ನೋಡಿ, ಪರದೆಯ ಆಚೆ ಹೋಗಿ ನಿಂತಳು. ಪರದೆ ನೆಲದವರೆಗೆ ಮುಟ್ಟುತ್ತಿರಲಿಲ್ಲ. ಅದರ ಅಂಚಿನ ಕೆಳಗೆ ಅಪ್ಪನ ಒಂದು ಜೊತೆ ಚಪ್ಪಲಿ, ನೆಲದ ಮೇಲೆ ಊರಿದ ಎಡಗಾಲು, ಅದರ ಪಕ್ಕದಲ್ಲಿ ಆಡುತ್ತಿದ್ದ ಬಲಪಾದ ಕಾಣುತ್ತಿದ್ದವು. ಬೆಂಚಿನ ಮೇಲಿಂದ ಬ್ಯಾಂಡ್ ಮಾಸ್ತರರು ಅವಳನ್ನೇ ನೋಡುತ್ತಿದ್ದರು. ಅವಳು ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

"ಹೂಂ, ಹೇಳು," ಅಂದ ಅಣ್ಣ ಒಳಗಿನಿಂದ.

ಅವಳು ಹೇಳಿದಳು.

"ಹೇಳಿದೆಯಾ?"

"ನನಗೇ ಕೇಳಿಸಲಿಲ್ಲ ಕಣಮ್ಮ, ಇಲ್ಲೇ ಕೂತಿದ್ದೀನಿ," ಅಂದರು ಮಾಸ್ತರರು. ಅವಳ ಮುಖ ಕೆಂಪಾಯಿತು. ಅವರು ಅದನ್ನು ನೋಡಿದರು. ತಮ್ಮ ಕಿವಿಯಿಂದ ಮಷೀನು ಬಿಚ್ಚಿ, ಬ್ಯಾಟರಿಯ ಬಾಗಿಲು ತೆರೆದು, ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟರು. "ಈಗ ನನಗೆ ಏನೂ ಕೇಳಲ್ಲ. ಸಿಡಿಲು ಬಿದ್ರೂ ಕೇಳಲ್ಲ. ನೀನು ಏನು ಬೇಕಾದ್ರೂ ಹೇಳ್ಕೋ," ಅಂತ ಬೀದಿಯ ಕಡೆ ತಿರುಗಿ ಕೂತರು.

ಅವಳು ಕಣ್ಣು ಮುಚ್ಚಿ, ಹೊಟ್ಟೆಯೊಳಗಿಂದ ಕೂಗಿದಳು. "ಅಪ್ಪಾ! ಸ್ವಲ್ಪ ನೀರು ಕೊಡೀ!"

ಕುರ್ಚಿ ಸದ್ದಾಯಿತು. ಪರದೆಯ ಸಂದಿಯಿಂದ ನೀರು ತುಂಬಿದ ಲೋಟ ಹಿಡಿದ ಕೈ ಹೊರಗೆ ಬಂತು. ಅವಳು ತೆಗೆದುಕೊಂಡಳು. ಕೈ ಒಳಗೆ ಹೋಯಿತು.

"ಹೀಗೆ ದಿನಾ ಕಿರುಚ್ತಾಳಾ ಇವಳು?" ಒಳಗೆ ಅಪ್ಪ ಕೇಳಿದರು. "ಗಂಟಲು ಹರ್ಕೊಳ್ಳಲ್ವಾ?"

"ಇದು ಲೆಕ್ಕಕ್ಕಿಲ್ಲ ಪುಟ್ಟಿ," ಅಂದ ಅಣ್ಣ. "ಕೂಗಿದ್ರೆ ಯಾವ ಮಷೀನೂ ಬೇಡ. ಮನೇಲಿ ನೀನು ಹೇಗೆ ಮಾತಾಡ್ತೀಯೋ ಹಾಗೆ ಹೇಳು."

ಮನೆಯಲ್ಲಿ ಅವಳು ಮಾತಾಡುತ್ತಿರಲೇ ಇಲ್ಲ. ಲೋಟದ ನೀರನ್ನು ಕುಡಿದು ಖಾಲಿ ಲೋಟವನ್ನು ಎದೆಗೆ ಒತ್ತಿಕೊಂಡಳು. ಬಚ್ಚಲ ನೆಲ ನೆನಪಾಯಿತು. ಆಗಲೂ ಅವಳು ಕಿರುಚಿರಲಿಲ್ಲ. ಅಪ್ಪಾ ಅಂದಿದ್ದಳು. ಕೂಗಿದ್ದೇನೆ ಎಂದೇ ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಅವಳಿಗೆ ಅದೇ ಕೂಗು.

ಆ ದನಿಯಲ್ಲಿ ಹೇಳಿದಳು. ಪಾದ ಆಡುತ್ತಲೇ ಇತ್ತು. ಒಳಗೆ ಮೌಸ್ ಟಿಕ್ ಅಂದಿತು. ಮತ್ತೆ ಹೇಳಿದಳು. ಆಡುತ್ತಿತ್ತು. "ಇನ್ನೊಂದು ಮೆಟ್ಟಿಲು ಏರಿಸ್ತೀನಿ," ಅಂದ ಅಣ್ಣ. ಸೀಟಿ ಬಂತು, ಇಳಿಸಿದ, ಪಕ್ಕದ್ದನ್ನು ಏರಿಸಿದ. ಅವಳು ಹೇಳಿದಳು. ಬೀದಿಯಲ್ಲಿ ಲಾರಿಯೊಂದು ಹೋಯಿತು, ಪಾದ ಅರೆಗಳಿಗೆ ನಿಂತು ಮತ್ತೆ ಆಡಿತು. ಅವಳು ಕಾದು, ಲಾರಿ ತಿರುವು ದಾಟಿದ ಮೇಲೆ ಹೇಳಿದಳು. ಎಷ್ಟನೆಯ ಸಲವೋ. ಹೇಳುತ್ತ ಹೇಳುತ್ತ ನಾಚಿಕೆ ಹೋಗಿ ಬೇಸರ ಬಂದಿತ್ತು, ಬೇಸರವೂ ಹೋಗಿ ಈಗ ಬರೀ ಬಾಯಾರಿಕೆ ಉಳಿದಿತ್ತು. ಬೆಂಚಿನ ಮೇಲೆ ಮಾಸ್ತರರು ಟೋಪಿ ಮುಖಕ್ಕೆ ಎಳೆದುಕೊಂಡು ನಿದ್ದೆ ಹೋಗಿದ್ದರು.

"ಕೊನೆಯದನ್ನ ಒಂಚೂರು ತಗ್ಗಿಸ್ತೀನಿ. ನೀನು ಹೇಳಿದ್ದೆಯಲ್ಲ," ಅಂದ ಅಣ್ಣ.

ಮೌಸ್ ಟಿಕ್ ಅಂದಿತು. ಅವಳು ಖಾಲಿ ಲೋಟವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಪರದೆಯ ಅಂಚಿನ ಕೆಳಗೆ ನೋಡುತ್ತ, ಪಕ್ಕದಲ್ಲೇ ಇರುವವರಿಗೆ ಹೇಳುವ ಹಾಗೆ ಹೇಳಿದಳು.

"ಅಪ್ಪ, ಸ್ವಲ್ಪ ನೀರು ಕೊಡಿ."

ಬೀದಿಯಲ್ಲಿ ಯಾವ ಗಾಡಿಯೂ ಇರಲಿಲ್ಲ. ಕೆಳಗೆ, ಚಪ್ಪಲಿಯ ಪಕ್ಕದಲ್ಲಿ, ಆಡುತ್ತಿದ್ದ ಪಾದ ನಿಂತಿತ್ತು.